ಉಸಿರಿಗಾಗಿ ತಡಕಾಡಿದವರು: 1918ರ ಇನ್‌ಫ್ಲುಯೆಂಜಾ ಮತ್ತು ನಮ್ಮ ತುಂಗಭದ್ರೆಯ ಸೀಮೆ



2021ರ ಮೇ ತಿಂಗಳನ್ನು ನಮ್ಮ ಸೀಮೆಯವರು ಯಾರೂ ಅಷ್ಟು ಬೇಗ ಮರೆಯಲಾರರು. ಕೊರೊನಾದ ಎರಡನೆಯ ಅಲೆ ನಾಡನ್ನೆಲ್ಲ ಅಲ್ಲಾಡಿಸುತ್ತಿದ್ದ ದಿನಗಳವು. ಊರೂರಿನಲ್ಲಿಯೂ ಆಮ್ಲಜನಕ ಎಂಬ ಒಂದೇ ಮಾತು. ಆಗ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಎದುರಿನ ಬಯಲಲ್ಲಿ ಒಂದು ತಾತ್ಕಾಲಿಕ ಆಸ್ಪತ್ರೆ ಎದ್ದು ನಿಂತಿತು. ಸಾವಿರ ಹಾಸಿಗೆಗಳ ಗುರಿ ಇಟ್ಟುಕೊಂಡು ಕಟ್ಟಿದ ಆ ಆಸ್ಪತ್ರೆಗೆ ಕಾರ್ಖಾನೆಯಿಂದಲೇ ಕೊಳವೆಯ ಮೂಲಕ ಆಮ್ಲಜನಕ ಹರಿಯಿತು. ಕುಲುಮೆಯಲ್ಲಿ ಕಬ್ಬಿಣವನ್ನು ಉಕ್ಕಾಗಿಸಲು ಬಳಸುವ ಅದೇ ಅನಿಲ ಮನುಷ್ಯರ ಪ್ರಾಣ ಉಳಿಸಲು ಬಂದಿತು. ಎಮ್ಮಿಗನೂರು, ಕಂಪ್ಲಿ, ಹೊಸಪೇಟೆ, ಸಂಡೂರಿನ ಜನ ಆ ಕಡೆಗೆ ಮುಖ ಮಾಡಿ ನಿಂತರು.

ಆ ದಿನಗಳಲ್ಲಿ ನಮ್ಮನ್ನು ಒಂದು ಪ್ರಶ್ನೆ ಬಹಳವಾಗಿ ಕಾಡಿತು. ಇದಕ್ಕೆ ಸುಮಾರು ನೂರು ವರ್ಷಗಳ ಹಿಂದೆ, 1918ರಲ್ಲಿ, ಇದೇ ನೆಲದ ಮೇಲೆ ಇದೇ ರೀತಿ ಉಸಿರಿಗಾಗಿ ತಡಕಾಡಿದವರ ಗತಿ ಏನಾಗಿರಬೇಕು? ಅವರಿಗೆ ಆಮ್ಲಜನಕದ ಕೊಳವೆ ಇರಲಿಲ್ಲ. ರೋಗಕ್ಕೆ ಮದ್ದಿರಲಿಲ್ಲ. ಅಷ್ಟೇಕೆ, ರೋಗಕ್ಕೆ ಕಾರಣ ಏನೆಂದು ಜಗತ್ತಿನ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ಅವರನ್ನು ನೆನೆಯುವುದಕ್ಕಾಗಿ, ಮತ್ತು ಅವರ ಸಾವು ನಮಗೆ ಕಲಿಸುವ ಪಾಠವನ್ನು ಅರಿಯುವುದಕ್ಕಾಗಿ ಈ ಬಾರಿ ಈ ಚರಿತ್ರೆಯ ಪುಟವನ್ನು ತೆರೆಯುತ್ತಿದ್ದೇವೆ.

ಅಂದಿನ ನಮ್ಮ ಸೀಮೆ

1918ರಲ್ಲಿ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸು ಪ್ರಾಂತ್ಯದ ಭಾಗವಾಗಿತ್ತು. ಮೈಸೂರು ರಾಜ್ಯಕ್ಕೆ ಅದು ಸೇರಿದ್ದು 1953ರ ಅಕ್ಟೋಬರ್ 1ರಂದು. ಸಂಡೂರು ಆಗ ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನ. ತುಂಗಭದ್ರೆಗೆ ಇಂದಿನ ಅಣೆಕಟ್ಟು ಇರಲಿಲ್ಲ. ಹಂಪಿ, ಹೊಸಪೇಟೆ, ಕಂಪ್ಲಿಯ ಕೆಲವು ಕಡೆ ವಿಜಯನಗರದ ಕಾಲದ ಕಾಲುವೆಗಳು ಹೊಲಗದ್ದೆಗಳಿಗೆ ನೀರುಣಿಸುತ್ತಿದ್ದವು. ಆದರೆ ಜಿಲ್ಲೆಯ ಬಹುಪಾಲು ಎರೆ ಭೂಮಿ ಆಕಾಶವನ್ನೇ ನಂಬಿಕೊಂಡಿತ್ತು. ಜೋಳ, ನವಣೆ, ಹತ್ತಿ ಇವೇ ಬೆಳೆಗಳು. ಮಳೆ ಬಂದರೆ ಬದುಕು, ಇಲ್ಲವಾದರೆ ಬರ. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಈ ಜಿಲ್ಲೆ ಎಷ್ಟು ನಲುಗಿತ್ತೆಂಬುದು ಆ ಹಿರಿಯ ತಲೆಮಾರಿನವರ ನೆನಪಿನಲ್ಲಿ ಇನ್ನೂ ಹಸಿಯಾಗಿತ್ತು.

1898ರ ನಂತರ ಪ್ಲೇಗು ಮೇಲಿಂದ ಮೇಲೆ ಬಂದಿತ್ತು. ಪ್ಲೇಗು ಜನರಿಗೆ ಒಂದು ಪಾಠ ಕಲಿಸಿತ್ತು. ಇಲಿ ಬಿದ್ದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಕೆಲವು ತಿಂಗಳು ಅಲ್ಲೇ ಇರಬೇಕು. ಈ ಪಾಠ ಎಷ್ಟೋ ಜೀವಗಳನ್ನು ಉಳಿಸಿತ್ತು. ಆದರೆ 1918ರಲ್ಲಿ ಬಂದ ಹೊಸ ಜ್ವರ ಇಲಿಯಿಂದ ಬಂದದ್ದಲ್ಲ. ಅದು ಒಬ್ಬರ ಕೆಮ್ಮಿನಿಂದ ಮತ್ತೊಬ್ಬರ ಉಸಿರಿಗೆ ಹೋಗುತ್ತಿತ್ತು. ಊರು ಬಿಟ್ಟು ಗುಡಿಸಲಿಗೆ ಹೋದವರ ಜೊತೆಯಲ್ಲಿ ಅದೂ ಗುಡಿಸಲಿಗೆ ಬಂದಿತು. ಹಳೆಯ ರೋಗ ಕಲಿಸಿದ ಬುದ್ಧಿ ಹೊಸ ರೋಗದ ಮುಂದೆ ನಡೆಯಲಿಲ್ಲ.

ಹಡಗಿನಿಂದ ರೈಲಿಗೆ, ರೈಲಿನಿಂದ ಹಳ್ಳಿಗೆ

ಆಗ ಮೊದಲ ಮಹಾಯುದ್ಧ ಕೊನೆಯ ಹಂತದಲ್ಲಿತ್ತು. ಭಾರತದ ಲಕ್ಷಾಂತರ ಸಿಪಾಯಿಗಳು ಫ್ರಾನ್ಸ್ ಮತ್ತು ಮೆಸೊಪೊಟೇಮಿಯಾದ ರಣರಂಗಗಳಲ್ಲಿದ್ದರು. ಯುದ್ಧದ ಹಡಗುಗಳು ಬೊಂಬಾಯಿ ಬಂದರಿಗೆ ಬಂದುಹೋಗುತ್ತಿದ್ದವು. 1918ರ ಜೂನ್ 10ರಂದು ಬೊಂಬಾಯಿಯ ಬಂದರಿನಲ್ಲಿ ಕಾವಲಿಗಿದ್ದ ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಭಾರತದ ಮಟ್ಟಿಗೆ ಈ ಮಹಾಮಾರಿಯ ದಾಖಲಾದ ಆರಂಭ ಅದೇ. ಜೂನ್‌ನ ಆ ಮೊದಲ ಅಲೆ ಅಷ್ಟೇನೂ ಉಗ್ರವಾಗಿರಲಿಲ್ಲ. ಮೂರು ದಿನದ ಜ್ವರ, ಮೈಕೈ ನೋವು, ಆಮೇಲೆ ಗುಣ. ಜನ ನಿಟ್ಟುಸಿರು ಬಿಟ್ಟರು.

ಸೆಪ್ಟೆಂಬರಿನಲ್ಲಿ ಅದೇ ಜ್ವರ ಬೇರೆ ರೂಪ ತಾಳಿ ಮರಳಿ ಬಂದಿತು. ಅಕ್ಟೋಬರ್ 6ರಂದು ಬೊಂಬಾಯಿ ನಗರವೊಂದರಲ್ಲಿಯೇ ಒಂದೇ ದಿನ 768 ಜನ ತೀರಿಕೊಂಡರು. ಅಲ್ಲಿಂದ ಅದು ರೈಲು ಹಳಿಯ ಮೇಲೆಯೇ ಸವಾರಿ ಮಾಡಿತು. ಬೊಂಬಾಯಿಯಿಂದ ಮದರಾಸಿಗೆ ಹೋಗುವ ದೊಡ್ಡ ಹಳಿ ರಾಯಚೂರು, ಗುಂತಕಲ್ಲುಗಳ ಮೂಲಕ ಹಾದುಹೋಗುತ್ತಿತ್ತು. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಗದಗ ದಾಟಿ ಹುಬ್ಬಳ್ಳಿಗೆ ಇನ್ನೊಂದು ಹಳಿ. ಅಂದರೆ ನಮ್ಮ ಸೀಮೆ ಎರಡು ಕಡೆಯಿಂದಲೂ ತೆರೆದ ಬಾಗಿಲಿನಂತಿತ್ತು. ಬಳ್ಳಾರಿ ಸೈನ್ಯದ ದಂಡು ಇದ್ದ ಊರು. ಯುದ್ಧದ ಕಾಲದಲ್ಲಿ ತುರ್ಕಿ ದೇಶದ ಕೈದಿಗಳ ಶಿಬಿರವೂ ಅಲ್ಲಿತ್ತು. ಸಿಪಾಯಿಗಳು, ರೈಲ್ವೆ ನೌಕರರು, ಟಪಾಲಿನವರು, ಹತ್ತಿ ವ್ಯಾಪಾರಿಗಳು, ಹಂಪಿಗೆ ಬರುವ ಯಾತ್ರಿಕರು ಹೀಗೆ ಓಡಾಟಕ್ಕೆ ಕೊರತೆ ಇರಲಿಲ್ಲ. ಭಾರತ ಸರ್ಕಾರದ ಅಂದಿನ ನೈರ್ಮಲ್ಯ ಕಮಿಷನರ್ ನಾರ್ಮನ್ ವೈಟ್ ಅವರು 1919ರ ತಮ್ಮ ವರದಿಯಲ್ಲಿ ಈ ರೋಗ ಹರಡಿದ್ದರಲ್ಲಿ ರೈಲಿನ ಪಾತ್ರವನ್ನು ಎತ್ತಿ ಹೇಳಿದ್ದಾರೆ. ರೈಲು ನಿಲ್ದಾಣದಿಂದ ಎತ್ತಿನ ಗಾಡಿಯಲ್ಲಿ ಸಂತೆಗೆ, ಸಂತೆಯಿಂದ ಕಾಲುದಾರಿಯಲ್ಲಿ ಹಳ್ಳಿಗೆ ಅದು ಬಂದಿತು.

ಬಂದ ಹೊತ್ತಾದರೂ ಎಂಥದು! ಆ ವರ್ಷ ಮುಂಗಾರು ದೇಶದಾದ್ಯಂತ ವಾಡಿಕೆಗಿಂತ ಸುಮಾರು ಕಾಲುಭಾಗ ಕಡಿಮೆಯಾಗಿತ್ತು. ಯುದ್ಧದಿಂದಾಗಿ ಧಾನ್ಯದ ಬೆಲೆ ಗಗನಕ್ಕೇರಿತ್ತು. ಸೆಪ್ಟೆಂಬರಿನಲ್ಲಿ ಮದರಾಸು ಪಟ್ಟಣದಲ್ಲಿ ಹಸಿದ ಜನ ಧಾನ್ಯದ ಅಂಗಡಿಗಳನ್ನು ಲೂಟಿ ಮಾಡಿದ್ದರು. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಬೇಕಾದ ಸಮಯದಲ್ಲಿ ಬಿತ್ತುವ ಕೈಗಳು ಹಾಸಿಗೆ ಹಿಡಿದವು. ಮನೆಯಲ್ಲಿ ಒಬ್ಬರು ಮಲಗಿದರೆ ಉಳಿದವರು ನೋಡಿಕೊಂಡಾರು. ಮನೆಮಂದಿಯೆಲ್ಲ ಒಟ್ಟಿಗೆ ಮಲಗಿದರೆ ಒಲೆ ಹಚ್ಚುವವರು ಯಾರು? ನೀರು ತರುವವರು ಯಾರು? ಆ ಶರತ್ಕಾಲದಲ್ಲಿ ಎಷ್ಟೋ ಜನ ಜ್ವರದಿಂದಷ್ಟೇ ಅಲ್ಲ, ಒಂದು ಲೋಟ ಗಂಜಿ ಕೊಡುವವರಿಲ್ಲದೆ ತೀರಿಹೋದರು.

ಎದೆಗೂಡಿನೊಳಗೆ ನಡೆದದ್ದೇನು?

ನೆಗಡಿಯಂಥ ಒಂದು ಜ್ವರ ಮನುಷ್ಯರನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೊಂದದ್ದು ಹೇಗೆ? ಇದನ್ನು ನಾವೆಲ್ಲರೂ ಅರಿಯುವುದು ಅಗತ್ಯ. ಏಕೆಂದರೆ ಅಂದು ನಡೆದದ್ದೇ ಇಂದೂ ನಡೆಯುತ್ತದೆ.

ನಮ್ಮ ಶ್ವಾಸಕೋಶಗಳಲ್ಲಿ ದ್ರಾಕ್ಷಿ ಗೊಂಚಲಿನಂತೆ ಕೋಟ್ಯಂತರ ಪುಟ್ಟ ಗಾಳಿಚೀಲಗಳಿವೆ. ಅವುಗಳ ತೆಳುವಾದ ಗೋಡೆಯ ಮೂಲಕವೇ ಆಮ್ಲಜನಕ ರಕ್ತಕ್ಕೆ ಸೇರುತ್ತದೆ. ಇನ್‌ಫ್ಲುಯೆಂಜಾ ವೈರಾಣು ಸಾಮಾನ್ಯವಾಗಿ ಮೂಗು, ಗಂಟಲು, ಶ್ವಾಸನಾಳಗಳ ಒಳಪದರವನ್ನು ಹಿಡಿಯುತ್ತದೆ. ಬಹುಪಾಲು ಜನರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಆದರೆ ಕೆಲವರಲ್ಲಿ ಎರಡು ಬಗೆಯ ಅಪಾಯ ಎದುರಾಗುತ್ತದೆ.

ಮೊದಲನೆಯದು, ವೈರಾಣು ತಾನೇ ಗಾಳಿಚೀಲಗಳವರೆಗೂ ಇಳಿಯುವುದು. ಆಗ ಅವುಗಳ ಗೋಡೆ ಹಾಳಾಗಿ, ರಕ್ತನಾಳಗಳಿಂದ ನೀರು ಒಸರಿ ಗಾಳಿ ಇರಬೇಕಾದ ಜಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ರೋಗವನ್ನು ಎದುರಿಸಲು ದೇಹ ಕಳಿಸಿದ ರಕ್ಷಕ ಕಣಗಳೂ ಅತಿಯಾದ ಆವೇಶದಲ್ಲಿ ಹಾನಿಯನ್ನು ಹೆಚ್ಚಿಸುತ್ತವೆ. ರೋಗಿ ಎಷ್ಟೇ ಜೋರಾಗಿ ಉಸಿರೆಳೆದರೂ ಆಮ್ಲಜನಕ ರಕ್ತಕ್ಕೆ ಮುಟ್ಟುವುದಿಲ್ಲ. ನೆಲದ ಮೇಲಿದ್ದೇ ನೀರಿನಲ್ಲಿ ಮುಳುಗಿದಂತೆ. 1918ರಲ್ಲಿ ಇಂಥ ರೋಗಿಗಳ ತುಟಿ, ಕಿವಿ, ಕೆನ್ನೆಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿದ್ದವು. ಆ ಬಣ್ಣ ಬಂದಿತೆಂದರೆ ವೈದ್ಯರು ಆಸೆ ಬಿಡುತ್ತಿದ್ದರು. ಕೆಲವರು ಎರಡು ಮೂರು ದಿನಗಳಲ್ಲಿಯೇ ತೀರಿಕೊಂಡರು.

ಎರಡನೆಯದು, ವೈರಾಣು ಹಾಳುಮಾಡಿದ ದಾರಿಯಲ್ಲಿ ಬ್ಯಾಕ್ಟೀರಿಯಾಗಳು ನುಗ್ಗುವುದು. ನ್ಯುಮೊಕಾಕಸ್, ಸ್ಟೆಫೈಲೊಕಾಕಸ್ ಮುಂತಾದವು ನಮ್ಮ ಮೂಗು ಗಂಟಲುಗಳಲ್ಲಿ ಸುಮ್ಮನೆ ವಾಸಿಸುವುದುಂಟು. ಬೇಲಿ ಮುರಿದ ಹೊಲಕ್ಕೆ ದನ ನುಗ್ಗುವಂತೆ ಅವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಉಂಟುಮಾಡುತ್ತವೆ. ಇದರ ಲಕ್ಷಣ ಮೋಸದ್ದು. ಜ್ವರ ಇಳಿದು ರೋಗಿ ಚೇತರಿಸಿಕೊಂಡಂತೆ ಕಾಣುತ್ತಾನೆ. ಮನೆಯವರು ಸಮಾಧಾನಪಡುತ್ತಾರೆ. ಕೆಲವು ದಿನಗಳ ಮೇಲೆ ಮತ್ತೆ ಚಳಿ, ಜ್ವರ, ಎದೆ ಚುಚ್ಚುವಿಕೆ, ರಕ್ತ ಬೆರೆತ ಕಫ. 2008ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಡೇವಿಡ್ ಮೊರೆನ್ಸ್, ಜೆಫ್ರಿ ಟಾಬೆನ್‌ಬರ್ಗರ್ ಮತ್ತು ಆಂಥೊನಿ ಫೌಚಿ ಅವರು 1918ರ ಕಾಲದ ಎಂಟು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ದಾಖಲೆಗಳನ್ನು ಮತ್ತೆ ಪರಿಶೀಲಿಸಿದರು. ಅಂದು ಸತ್ತವರಲ್ಲಿ ಹೆಚ್ಚಿನವರು ಈ ಎರಡನೆಯ ದಾರಿಯಿಂದಲೇ, ಅಂದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದಲೇ ಸತ್ತರೆಂದು ಅವರು ಕಂಡುಕೊಂಡರು. ಇಂದು ಹಲವು ರೂಪಾಯಿಗಳ ಔಷಧದಿಂದ ವಾಸಿಯಾಗಬಹುದಾದ ಕಾಯಿಲೆ ಅದು. ಆದರೆ ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ. ಅದು ರೋಗಿಗಳ ಕೈಗೆಟುಕಿದ್ದು 1940ರ ದಶಕದಲ್ಲಿ.

ಇನ್ನೊಂದು ವಿಚಿತ್ರ. ಸಾಮಾನ್ಯವಾಗಿ ಇಂಥ ಜ್ವರ ಹಸುಗೂಸುಗಳನ್ನೂ ವೃದ್ಧರನ್ನೂ ಕೊಂಡೊಯ್ಯುತ್ತದೆ. 1918ರಲ್ಲಿ ಇಪ್ಪತ್ತರಿಂದ ನಲವತ್ತರ ವಯಸ್ಸಿನ ಗಟ್ಟಿಮುಟ್ಟಾದವರು ಬಹಳವಾಗಿ ಸತ್ತರು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರ ಸಾವು ಹೆಚ್ಚು. ತಾವು ಮೊದಲೇ ಅರೆಹೊಟ್ಟೆ ಉಂಡು, ಕಿಟಕಿಯಿಲ್ಲದ ಮನೆಯಲ್ಲಿ ಕಾಯಿಲೆಯವರ ಪಕ್ಕದಲ್ಲಿ ಕುಳಿತು ಹಗಲಿರುಳು ಆರೈಕೆ ಮಾಡಿದವರು ಅವರೇ ಅಲ್ಲವೇ? ಗರ್ಭಿಣಿಯರ ಪಾಡಂತೂ ಹೇಳತೀರದು.

ಮದ್ದಿಲ್ಲದ ಕಾಲದ ಆರೈಕೆ

ಆ ಕಾಲದ ವೈದ್ಯರನ್ನು ದೂರುವಂತಿಲ್ಲ. ಎಷ್ಟೋ ಮಂದಿ ವೈದ್ಯರು ಯುದ್ಧಕ್ಕೆ ಹೋಗಿದ್ದರು. ಉಳಿದವರಿಗೂ ಶತ್ರು ಯಾರೆಂದು ತಿಳಿಯದು. 1892ರಲ್ಲಿ ಜರ್ಮನಿಯ ಫೈಫರ್ ಎಂಬ ವಿಜ್ಞಾನಿ ಒಂದು ಬ್ಯಾಕ್ಟೀರಿಯಾವನ್ನು ಇನ್‌ಫ್ಲುಯೆಂಜಾದ ಕಾರಣ ಎಂದು ಸಾರಿದ್ದರು. ಜಗತ್ತು ಅದನ್ನೇ ನಂಬಿತ್ತು. ನಿಜವಾದ ಕಾರಣವಾದ ವೈರಾಣುವನ್ನು ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್ ಮತ್ತು ಲೇಡ್ಲಾ ಅವರು ಮನುಷ್ಯರಿಂದ ಬೇರ್ಪಡಿಸಿದ್ದು 1933ರಲ್ಲಿ. ಆಮ್ಲಜನಕ ಕೊಡುವ ಉಪಕರಣವನ್ನು ವಿಷಾನಿಲಕ್ಕೆ ಸಿಕ್ಕ ಸಿಪಾಯಿಗಳಿಗಾಗಿ ಬ್ರಿಟನ್ನಿನ ಹಾಲ್ಡೇನ್ 1917ರ ಹೊತ್ತಿಗೆ ರೂಪಿಸಿದ್ದರು. ಆದರೆ ಬಳ್ಳಾರಿ ಸೀಮೆಯ ಹಳ್ಳಿಗೆ ಅದು ಕನಸಿನಲ್ಲೂ ಬಾರದ ವಸ್ತು.

ಪಕ್ಕದ ಮೈಸೂರು ಸಂಸ್ಥಾನದಲ್ಲಿ ಆಗ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳು. ಅಲ್ಲಿ ಥೈಮಾಲ್ ಎಂಬ ಔಷಧದ ದ್ರಾವಣವನ್ನು ಹಂಚಿದರು. ಸ್ವಯಂಸೇವಕರು ಬಡವರ ಮನೆಗಳಿಗೆ ಗಂಜಿ, ಹಾಲು ಮುಟ್ಟಿಸಿದರು. ಇಂದಿನ ತಿಳಿವಳಿಕೆಯಿಂದ ನೋಡಿದರೆ ಥೈಮಾಲ್ ವೈರಾಣುವನ್ನು ಕೊಲ್ಲಲಿಲ್ಲ. ಆದರೆ ಗಂಜಿ, ನೀರು, ಬೆಚ್ಚನೆಯ ಹೊದಿಕೆ, ಪಕ್ಕದಲ್ಲಿ ಒಬ್ಬ ಮನುಷ್ಯ, ಇವು ನಿಜವಾಗಿಯೂ ಜೀವ ಉಳಿಸಿದವು. ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದವರೆಲ್ಲ ಸಾಯುವುದಿಲ್ಲ. ತ್ರಾಣ ಉಳಿದವರು ಎಷ್ಟೋ ಮಂದಿ ತಾವಾಗಿಯೇ ಗೆಲ್ಲುತ್ತಾರೆ. ಆ ತ್ರಾಣವನ್ನು ಉಳಿಸಿಕೊಟ್ಟದ್ದು ಆರೈಕೆ. ಮದ್ದಿಲ್ಲದ ಕಾಲದಲ್ಲಿ ಆರೈಕೆಯೇ ಮದ್ದು ಎಂಬುದು 1918 ಕಲಿಸಿದ ದೊಡ್ಡ ಪಾಠ.

ಲೆಕ್ಕಕ್ಕೆ ಸಿಗದ ಸತ್ತವರು

ಅಂದು ಹಳ್ಳಿಯಲ್ಲಿ ಹುಟ್ಟು ಸಾವುಗಳನ್ನು ಬರೆಯುತ್ತಿದ್ದವರು ಊರಿನ ಅಧಿಕಾರಿಗಳು. ಅವರು ವೈದ್ಯರಲ್ಲ. ಕಾಲರಾ, ಸಿಡುಬು, ಪ್ಲೇಗು ಇವನ್ನು ಗುರುತಿಸಬಲ್ಲರು. ಉಳಿದದ್ದೆಲ್ಲ ‘ಜ್ವರ’ ಎಂಬ ಒಂದೇ ಕಲಮಿಗೆ ಹೋಗುತ್ತಿತ್ತು. 1918ರಲ್ಲಿ ಬರೆಯುವವರೇ ಹಾಸಿಗೆ ಹಿಡಿದಾಗ ಎಷ್ಟೋ ಸಾವುಗಳು ಆ ಕಲಮಿಗೂ ಬರಲಿಲ್ಲ. ಆದುದರಿಂದ ವಿದ್ವಾಂಸರು ಬೇರೆ ದಾರಿ ಹಿಡಿಯಬೇಕಾಯಿತು. ಹಿಂದಿನ ವರ್ಷಗಳ ಸಾವಿನ ಲೆಕ್ಕದೊಂದಿಗೆ, ಮತ್ತು ಜನಗಣತಿಯೊಂದಿಗೆ ಹೋಲಿಸಿ ಅವರು ಅಂದಾಜು ಮಾಡಿದ್ದಾರೆ. ವೈಟ್ ಅವರ ಮೊದಲ ಲೆಕ್ಕ ಅರವತ್ತು ಲಕ್ಷದ ಆಸುಪಾಸು. ಅದು ಬಹಳ ಕಡಿಮೆ ಎಂದು ಆಮೇಲೆ ತಿಳಿಯಿತು. 1986ರಲ್ಲಿ ಇತಿಹಾಸಕಾರ ಇಯನ್ ಮಿಲ್ಸ್ ಭಾರತದ ಸಾವುಗಳನ್ನು 1 ಕೋಟಿ 70 ಲಕ್ಷದಿಂದ 1 ಕೋಟಿ 80 ಲಕ್ಷ ಎಂದರು. 2012ರಲ್ಲಿ ಸಿದ್ಧಾರ್ಥ ಚಂದ್ರ ಮತ್ತು ಸಂಗಡಿಗರು ಬ್ರಿಟಿಷ್ ಆಡಳಿತದ ಪ್ರದೇಶಗಳಿಗೆ ಸುಮಾರು 1 ಕೋಟಿ 39 ಲಕ್ಷ ಎಂದು ಲೆಕ್ಕ ಹಾಕಿದರು. ಯಾವುದನ್ನೇ ಒಪ್ಪಿದರೂ ಜಗತ್ತಿನ ಬೇರಾವ ದೇಶದಲ್ಲಿಯೂ ಇಷ್ಟು ಜನ ಈ ಜ್ವರದಿಂದ ಸಾಯಲಿಲ್ಲ.

1921ರ ಜನಗಣತಿ ಈ ಗಾಯವನ್ನು ತೋರಿಸಿತು. ಹತ್ತು ವರ್ಷಗಳಲ್ಲಿ ಇಡೀ ದೇಶದ ಜನಸಂಖ್ಯೆ ಹೆಚ್ಚಿದ್ದು ಕೇವಲ ಶೇಕಡಾ 1.2. ಇಂದಿನ ಭಾರತದ ಗಡಿಯೊಳಗಿನ ಪ್ರದೇಶವನ್ನಷ್ಟೇ ತೆಗೆದುಕೊಂಡರೆ ಜನಸಂಖ್ಯೆ ಇಳಿದೇ ಹೋಗಿತ್ತು. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೂ 1911ರಲ್ಲಿ ಇದ್ದುದಕ್ಕಿಂತ 1921ರಲ್ಲಿ ಜನ ಕಡಿಮೆ ಇದ್ದರು. ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿಯೂ ಕಡಿಮೆ! ಎಷ್ಟು ಮನೆಗಳ ದೀಪ ಆರಿರಬೇಕೆಂದು ಓದುಗರೇ ಊಹಿಸಲಿ. ಯುದ್ಧದಲ್ಲಿ ಮಡಿದವರಿಗೆ ದೊಡ್ಡ ಪಟ್ಟಣಗಳಲ್ಲಿ ಕಲ್ಲುಗಳನ್ನು ನೆಟ್ಟಿದ್ದಾರೆ. ಈ ಜ್ವರದಲ್ಲಿ ಮಡಿದ ಬಿತ್ತುವವರಿಗೆ, ಬೀಸುವವರಿಗೆ, ಹಾಲೂಡುವ ತಾಯಂದಿರಿಗೆ ಯಾರೂ ಕಲ್ಲು ನೆಡಲಿಲ್ಲ.

ಕಲಿತ ವಿದ್ಯೆ

ಮುಂದಿನ ದಶಕಗಳಲ್ಲಿ ವೈದ್ಯವಿಜ್ಞಾನ ಒಂದೊಂದೇ ಮೆಟ್ಟಿಲು ಹತ್ತಿತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊದಿಂದ ಉಸಿರಾಟ ನಿಂತುಹೋಗುತ್ತಿದ್ದ ರೋಗಿಗಳಿಗೆ ಡಾ. ಬ್ಯೋರ್ನ್ ಇಬ್ಸೆನ್ ಗಂಟಲಿಗೆ ನಳಿಗೆ ಹಾಕಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕುತ್ತಾ ಗಾಳಿ ಕೊಡಿಸಿದರು. ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಕುಳಿತು ಆ ಚೀಲವನ್ನು ಹಿಸುಕಿದರು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದ್ದು ಆ ವಿದ್ಯಾರ್ಥಿಗಳ ಕೈಗಳಿಂದ ಎನ್ನಬಹುದು.

1957ರ ಮೇ ತಿಂಗಳಲ್ಲಿ ಏಷ್ಯನ್ ಫ್ಲೂ ಎಂಬ ಹೊಸ ಮಹಾಮಾರಿ ಹಡಗಿನ ಮೂಲಕ ಮದರಾಸಿಗೆ ಬಂದು ದೇಶವನ್ನೆಲ್ಲ ಸುತ್ತಿತು. ಆದರೆ ಆ ಹೊತ್ತಿಗೆ ಪೆನಿಸಿಲಿನ್ ಇತ್ತು. ಸಾವು 1918ರ ಹತ್ತಿರಕ್ಕೂ ಬರಲಿಲ್ಲ. 1961ರಲ್ಲಿ ಬಳ್ಳಾರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ನಮ್ಮ ಸೀಮೆಯ ಬಡವರಿಗೆ ದೊಡ್ಡಾಸ್ಪತ್ರೆ ಎಂದರೆ ಅಂದಿನಿಂದ ಅದೇ.

1967ರಲ್ಲಿ ಅಮೆರಿಕದ ವೈದ್ಯರು ಹನ್ನೆರಡು ರೋಗಿಗಳನ್ನು ವಿವರಿಸಿ, ಬೇರೆ ಬೇರೆ ಕಾರಣಗಳಿಂದ ಶ್ವಾಸಕೋಶ ನೀರು ತುಂಬಿ ಗಟ್ಟಿಯಾಗುವ ಸ್ಥಿತಿಗೆ ಒಂದು ರೂಪುರೇಖೆ ಕೊಟ್ಟರು. ಇಂದು ವೈದ್ಯರು ಎ.ಆರ್.ಡಿ.ಎಸ್. ಎನ್ನುವುದು ಅದನ್ನೇ. 2000ದಲ್ಲಿ ಇಂಥ 861 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ ಮುಖ್ಯವಾದುದು. ಯಂತ್ರದಿಂದ ದೊಡ್ಡ ದೊಡ್ಡ ಉಸಿರು ತುಂಬಿದವರಲ್ಲಿ ಸುಮಾರು ಶೇಕಡಾ 40 ಮಂದಿ ಸತ್ತರೆ, ಚಿಕ್ಕ ಉಸಿರು ಕೊಟ್ಟವರಲ್ಲಿ ಶೇಕಡಾ 31 ಮಂದಿ ಸತ್ತರು. ಗಾಯಗೊಂಡ ಶ್ವಾಸಕೋಶವನ್ನು ಮೃದುವಾಗಿ ನಡೆಸಿಕೊಳ್ಳಬೇಕೆಂಬ ಸರಳ ಸತ್ಯ ಅದರಿಂದ ತಿಳಿಯಿತು. ರೋಗಿಯನ್ನು ಬೋರಲಾಗಿ ಮಲಗಿಸಿದರೆ ಬೆನ್ನಿನ ಕಡೆಯ ಗಾಳಿಚೀಲಗಳು ತೆರೆದುಕೊಳ್ಳುತ್ತವೆ ಎಂಬುದೂ ಸಾವುಗಳನ್ನು ಕಡಿಮೆ ಮಾಡುತ್ತದೆ ಎಂಬುದೂ 2013ರ ಫ್ರಾನ್ಸಿನ ಅಧ್ಯಯನದಿಂದ ದೃಢವಾಯಿತು.

2009: ಹಳೆಯ ಶತ್ರುವಿನ ಮೊಮ್ಮಗ

2009ರಲ್ಲಿ ಮೆಕ್ಸಿಕೊದಿಂದ ಎಚ್1ಎನ್1 ಎಂಬ ಹೊಸ ಇನ್‌ಫ್ಲುಯೆಂಜಾ ಹೊರಟಿತು. ಜನ ಅದನ್ನು ಹಂದಿಜ್ವರ ಎಂದರು. 1918ರ ವೈರಾಣುವಿನ ವಂಶಕ್ಕೆ ಸೇರಿದ ಅಂಶಗಳು ಅದರಲ್ಲಿದ್ದವು. ಜೂನ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಾಗತಿಕ ಮಹಾಮಾರಿ ಎಂದು ಸಾರಿತು. ಮೇ ತಿಂಗಳಲ್ಲಿಯೇ ಹೈದರಾಬಾದಿನಲ್ಲಿ ಭಾರತದ ಮೊದಲ ಪ್ರಕರಣ ಖಚಿತವಾಗಿತ್ತು. ಆಗಸ್ಟ್ 3ರಂದು ಪುಣೆಯಲ್ಲಿ ಒಬ್ಬ ಶಾಲಾ ಬಾಲಕಿ ತೀರಿಕೊಂಡದ್ದು ದೇಶದ ಮೊದಲ ಸಾವು. ಅದೇ ತಿಂಗಳು ಬೆಂಗಳೂರಿನಲ್ಲಿ ಕರ್ನಾಟಕದ ಮೊದಲ ಸಾವು ವರದಿಯಾಯಿತು.

ಈ ಸಲ ಆಸ್ಪತ್ರೆ ಸೇರಿದವರ ಸ್ಥಿತಿಯನ್ನು ವೈದ್ಯರು ವಿವರವಾಗಿ ಬರೆದಿಟ್ಟರು. ಅಮೆರಿಕದಲ್ಲಿ ಆಸ್ಪತ್ರೆ ಸೇರಿದ 272 ರೋಗಿಗಳಲ್ಲಿ ನಾಲ್ವರಿಗೊಬ್ಬರು ತೀವ್ರ ನಿಗಾ ಘಟಕ ಸೇರಬೇಕಾಯಿತು. ಶೇಕಡಾ 7 ಮಂದಿ ಸತ್ತರು. ಎಕ್ಸ್‌ರೇ ತೆಗೆಸಿದವರಲ್ಲಿ ಶೇಕಡಾ 40 ಮಂದಿಗೆ ನ್ಯುಮೋನಿಯಾದ ಗುರುತುಗಳಿದ್ದವು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡುಗಳಲ್ಲಿ ತೀವ್ರ ನಿಗಾ ಘಟಕ ಸೇರಿದ 722 ಮಂದಿಯಲ್ಲಿ 66 ಮಂದಿ ಗರ್ಭಿಣಿಯರು. ಮೂರರಲ್ಲಿ ಇಬ್ಬರಿಗೆ ಸರಿಸುಮಾರು ಉಸಿರಾಟದ ಯಂತ್ರ ಬೇಕಾಯಿತು. ಮತ್ತೆ ಯುವಕರು, ಮತ್ತೆ ಗರ್ಭಿಣಿಯರು! ವೃದ್ಧರಿಗೆ ಮಾತ್ರ ಸ್ವಲ್ಪ ರಕ್ಷಣೆ ಇತ್ತು. 1957ಕ್ಕೆ ಮೊದಲು ಹರಿದಾಡುತ್ತಿದ್ದ 1918ರ ವಂಶದ ವೈರಾಣುಗಳನ್ನು ಅವರ ದೇಹ ಬಾಲ್ಯದಲ್ಲಿಯೇ ಕಂಡಿತ್ತು. ಓಸೆಲ್ಟಾಮಿವಿರ್ ಎಂಬ ಔಷಧವನ್ನು ರೋಗ ಆರಂಭವಾದ ಎರಡು ದಿನಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ ಎಂಬುದೂ ಕಂಡುಬಂದಿತು. ತಡಮಾಡಿ ಬಂದವರೇ ಹೆಚ್ಚಾಗಿ ಕಷ್ಟಕ್ಕೆ ಸಿಕ್ಕರು.

ಆ ತಡವನ್ನು ನಾವು ಹತ್ತಿರದಿಂದ ಕಂಡಿದ್ದೇವೆ. ಆ ವರ್ಷ ನಮಗೆ ಪರಿಚಯದ ಒಂದು ರೈತರ ಮನೆಯಲ್ಲಿ ದುಡಿಯುವ ವಯಸ್ಸಿನ ಮಗನಿಗೆ ಜ್ವರ ಬಂದಿತು. ಭತ್ತದ ಕೊಯ್ಲಿನ ದಿನಗಳು. ‘ಬರೀ ನೆಗಡಿ ಐತಪ್ಪಾ, ಕಷಾಯ ಕುಡುದು ಬೆಚ್ಚಗ ಮಲಕ್ಕೋ’ ಎಂದರು ತಾಯಿ. ಊರಿನಲ್ಲಿ ಸೂಜಿ ಹಾಕಿಸಿದರು. ಜ್ವರ ಇಳಿಯಿತು. ನಾಲ್ಕನೆಯ ದಿನ ಅವನು, ‘ಯವ್ವಾ, ಮೆಟ್ಟಲ ಹತ್ತಿದ್ರ ದಮ್ಮು ಹತ್ತತೈತಿ’ ಎಂದ. ಕೊಯ್ಲು ಮುಗಿಯಲಿ, ಆಮೇಲೆ ತೋರಿಸೋಣ ಎಂದು ಮನೆಯವರು ಎರಡು ದಿನ ಕಳೆದರು. ದೊಡ್ಡ ಆಸ್ಪತ್ರೆಗೆ ಒಯ್ದಾಗ ಅವನ ತುಟಿ ನೀಲಿಯಾಗಿತ್ತು. ದೇವರ ದಯೆ, ಯಂತ್ರದ ಮೇಲೆ ಹಲವು ದಿನ ಇದ್ದು ಅವನು ಬದುಕಿ ಬಂದ. ಆ ತಾಯಿ ಇಂದಿಗೂ ಆ ಎರಡು ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಅವರದು ಪ್ರೀತಿಯ ಕೊರತೆಯಲ್ಲ, ತಿಳಿವಳಿಕೆಯ ಕೊರತೆ. ಅದನ್ನು ಅವರಿಗೆ ಮೊದಲೇ ಹೇಳದೆ ಇದ್ದವರಲ್ಲಿ ನಾವೂ ಇದ್ದೇವೆ.

2010ರ ಆಗಸ್ಟ್ 10ರಂದು ಆ ಮಹಾಮಾರಿ ಮುಗಿಯಿತೆಂದು ಸಾರಲಾಯಿತು. ವೈರಾಣು ಮಾತ್ರ ಹೋಗಲಿಲ್ಲ. ಅದು ಪ್ರತಿವರ್ಷದ ಸಾಮಾನ್ಯ ಫ್ಲೂ ಆಗಿ ನಮ್ಮೊಡನೆ ಉಳಿಯಿತು. 2015ರಲ್ಲಿ ಅದು ಮತ್ತೆ ಕೆರಳಿದಾಗ ದೇಶದಲ್ಲಿ 42 ಸಾವಿರಕ್ಕೂ ಹೆಚ್ಚು ಜನ ರೋಗಿಗಳಾದರು, ಸುಮಾರು ಮೂರು ಸಾವಿರ ಮಂದಿ ಸತ್ತರು.

ನಾವು ಮಾಡಬೇಕಾದುದೇನು?

ಚರಿತ್ರೆಯನ್ನು ಓದಿ ಪುಸ್ತಕ ಮುಚ್ಚಿಟ್ಟರೆ ಪ್ರಯೋಜನವಿಲ್ಲ. 1918ರವರಿಗೆ ಇಲ್ಲದ ಅನುಕೂಲ ನಮಗಿದೆ. ಅದನ್ನು ಬಳಸಿಕೊಳ್ಳುವ ಎಚ್ಚರ ಬೇಕು. ಜ್ವರ, ಕೆಮ್ಮು ಇರುವವರಲ್ಲಿ ಉಸಿರಾಟ ವೇಗವಾದರೆ, ಕುಳಿತಲ್ಲಿಯೇ ದಮ್ಮು ಹತ್ತಿದರೆ, ಎದೆ ನೋಯುತ್ತಿದ್ದರೆ, ತುಟಿ ಉಗುರು ನೀಲಿಯಾದರೆ, ಮಾತು ತೊದಲಿ ಮಂಪರು ಬಂದರೆ, ಮಗು ಹಾಲು ಕುಡಿಯದೆ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಒಂದು ಗಂಟೆಯನ್ನೂ ಕಳೆಯಬಾರದು. ಇಳಿದ ಜ್ವರ ಮತ್ತೆ ಏರಿದರೆ ಅದು ಎರಡನೆಯ ಶತ್ರುವಿನ ಹೆಜ್ಜೆ ಸಪ್ಪಳ ಎಂದು ತಿಳಿಯಬೇಕು. ಗರ್ಭಿಣಿಯರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು ಮೊದಲ ದಿನವೇ ವೈದ್ಯರನ್ನು ಕಾಣಲಿ. ಗಣಿ, ಕಾರ್ಖಾನೆಗಳ ದೂಳಿನಲ್ಲಿ ದುಡಿಯುವ ನಮ್ಮ ಸೀಮೆಯವರು ಇನ್ನೂ ಹೆಚ್ಚು ಎಚ್ಚರದಿಂದಿರಲಿ. ಫ್ಲೂ ಲಸಿಕೆ ಇಂದು ದೊರೆಯುತ್ತದೆ. ಯಾರಿಗೆ ಅಗತ್ಯ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿಯಬಹುದು. ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದಕ್ಕೂ, ಕಾಯಿಲೆ ಇದ್ದಾಗ ಸಂತೆ ಜಾತ್ರೆಗಳಿಂದ ದೂರವಿರುವುದಕ್ಕೂ ಯಾವ ಖರ್ಚೂ ಇಲ್ಲ.

ಇಷ್ಟೇ ಮುಖ್ಯವಾದುದು ಇನ್ನೊಂದಿದೆ. ಪಕ್ಕದ ಮನೆಯ ಒಲೆಯಲ್ಲಿ ಹೊಗೆ ಏಳದಿದ್ದರೆ ಹೋಗಿ ವಿಚಾರಿಸುವುದು. 1918ರಲ್ಲಿ ಗಂಜಿ ಹಿಡಿದು ಪರರ ಬಾಗಿಲಿಗೆ ಹೋದವರು ತಮ್ಮ ಜೀವದ ಹಂಗು ತೊರೆದಿದ್ದರು. ಅವರಲ್ಲಿ ಎಷ್ಟೋ ಮಂದಿ ಹಿಂತಿರುಗಲಿಲ್ಲ. 2021ರಲ್ಲಿ ಆಮ್ಲಜನಕದ ಹಾಸಿಗೆಗಳ ಪಕ್ಕದಲ್ಲಿ ಬೆವರು ಸುರಿಸುತ್ತಾ ನಿಂತ ದಾದಿಯರೂ ಆಯಾಗಳೂ ಅವರ ಸಂತತಿಯೇ. ಯಂತ್ರ ಉಸಿರು ಕೊಡಬಹುದು. ಯಂತ್ರದವರೆಗೆ ರೋಗಿಯನ್ನು ಹೊತ್ತು ತರುವುದು ಮನುಷ್ಯನೇ.

ಕಲ್ಲಿಲ್ಲದ, ಹೆಸರಿಲ್ಲದ ಆ ಹಿರಿಯರಿಗೆ ನಾವು ಸಲ್ಲಿಸಬಹುದಾದ ಗೌರವ ಇದೊಂದೇ. ನಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಯಾರಾದರೂ ದಮ್ಮು ಹತ್ತುತ್ತಿದೆ ಎಂದಾಗ, ‘ಬರೀ ನೆಗಡಿ’ ಎನ್ನದೆ, ಕೈಯಲ್ಲಿರುವ ಕೆಲಸ ಬಿಟ್ಟು ಎದ್ದು ನಿಲ್ಲೋಣ.